ಎರಡಡಿ ಕಟ್ಟೆ, ನಾಲ್ಕು ಬರ್ನರ್

ಅಂಗಡಿಯಲ್ಲಿ ನೋಡಿದಾಗ ಯಾವ ಗ್ಯಾಸ್ ಸ್ಟವ್ ಕೂಡ ದೊಡ್ಡದಾಗಿ ಕಾಣುವುದಿಲ್ಲ. ಅಲ್ಲಿ ಮೇಲೆ ಎತ್ತರದ ಚಾವಣಿ, ಎದುರಿಗೆ ನಾಲ್ಕು ಜನ ನಿಂತು ಚೌಕಾಸಿ ಮಾಡುವಷ್ಟು ಜಾಗ. ಸ್ಟವ್‌ನ ಎಡಕ್ಕೆ ಸಿಂಕಿಲ್ಲ, ಬಲಕ್ಕೆ ಮಿಕ್ಸಿಯಿಲ್ಲ, ಹಿಂದೆ ಎಣ್ಣೆಜಿಡ್ಡಿನ ಟೈಲ್ಸ್ ಇಲ್ಲ, ತಲೆಯ ಮೇಲೆ ಡಬ್ಬಿಗಳ ಸಜ್ಜೆಯಿಲ್ಲ. ಅದೇ ಸ್ಟವ್ ಮನೆಗೆ ಬಂದು ರಟ್ಟಿನ ಪೆಟ್ಟಿಗೆಯಿಂದ ಹೊರಬಿದ್ದ ಕೂಡಲೇ ಕಟ್ಟೆಯ ಮುಕ್ಕಾಲು ಪಾಲನ್ನು ಆಕ್ರಮಿಸಿ ಕೂರುತ್ತದೆ. ತರಕಾರಿ ಹೆಚ್ಚುವ ಮಣೆಗೆ ಜಾಗ ಹುಡುಕುವ ಕೆಲಸ ಅಲ್ಲಿಂದ ಶುರು.

ಅಂಗಡಿಯವನು ಕೇಳುವ ಮೊದಲ ಪ್ರಶ್ನೆ ಎಲ್ಲ ಊರಲ್ಲೂ ಒಂದೇ: "ಎಷ್ಟು ಬರ್ನರ್ ಮೇಡಂ? ಎರಡಾ, ಮೂರಾ, ನಾಲ್ಕಾ?" ಉತ್ತರಕ್ಕೆ ಕಾಯದೆ ಅವನೇ ಮುಂದುವರಿಸುತ್ತಾನೆ: "ಈಗ ಎಲ್ಲರೂ ನಾಲ್ಕೇ ತಗೊಳ್ಳೋದು." ಗಂಡನಿಗೆ ಅದು ಸರಿಯೆನಿಸುತ್ತದೆ. "ನಾಲ್ಕೇ ಇರಲಿ ಬಿಡೇ, ನೆಂಟರು ಬಂದಾಗ ಬೇಕಾಗುತ್ತೆ." ಹೆಂಡತಿ ಸ್ಟವ್ ಮೇಲಿನ ಕಣ್ಣು ತೆಗೆಯದೆ ಹೇಳುತ್ತಾಳೆ: "ನೆಂಟರು ಬಂದ್ರೆ ನಾನು ನಿಲ್ಲೋಕೆ ಜಾಗ ಎಲ್ಲಿದೆ ರೀ?"

ಆಕೆಯ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಸ್ಟವ್‌ಗಳನ್ನು ಬರ್ನರ್ ಎಣಿಸಿ ಮಾರುತ್ತಾರೆ. ಆದರೆ ಅಡುಗೆ ನಡೆಯುವುದು ಬರ್ನರ್‌ಗಳ ನಡುವಿನ ಅಂತರದಲ್ಲಿ. ಮನೆಯಲ್ಲಿರುವ ಅತಿ ದೊಡ್ಡ ಪಾತ್ರೆ ಯಾವುದು, ಅದರ ಪಕ್ಕದಲ್ಲಿ ಅದೇ ಹೊತ್ತಿಗೆ ಇನ್ನೇನು ಕೂರಬೇಕು ಎಂದು ಕೇಳುವ ಅಂಗಡಿಯವರು ಅಪರೂಪ.

ಬೆಂಗಳೂರಿನ 20×30 ಸೈಟಿನ ಮನೆಗಳಲ್ಲಿ ಅಡುಗೆಮನೆಗೆ ದಕ್ಕುವುದು ಹಾಲ್, ರೂಮು, ಮೆಟ್ಟಿಲು, ಬಚ್ಚಲು ಎಲ್ಲ ತಮ್ಮ ಪಾಲು ತೆಗೆದುಕೊಂಡ ಮೇಲೆ ಉಳಿದದ್ದು. ರಾಷ್ಟ್ರೀಯ ಕಟ್ಟಡ ಸಂಹಿತೆಯ 2016ರ ಆವೃತ್ತಿ, ಊಟಕ್ಕೆ ಬೇರೆ ಜಾಗವಿರುವ ಮನೆಯ ಅಡುಗೆಕೋಣೆ ಕನಿಷ್ಠ 5 ಚದರ ಮೀಟರ್ ಇರಬೇಕು, ಅಗಲ 1.8 ಮೀಟರಿಗಿಂತ ಕಡಿಮೆಯಾಗಬಾರದು ಎನ್ನುತ್ತದೆ. ಅಂದರೆ ಸುಮಾರು ಆರಡಿ ಅಗಲ. ಅದರಲ್ಲಿ ಎರಡಡಿ ಕಟ್ಟೆಗೆ ಹೋದರೆ ಉಳಿಯುವುದು ನಾಲ್ಕಡಿ. ಅಲ್ಲಿ ಫ್ರಿಜ್, ಅದರ ಬಾಗಿಲು ತೆರೆಯುವ ಜಾಗ, ಕೆಳಗೆ ಕೂತು ಬೀನ್ಸ್ ಬಿಡಿಸುವ ಅತ್ತೆ, ನೀರು ಬೇಕೆಂದು ನುಗ್ಗುವ ಮಗು ಇಷ್ಟೂ ಹೊಂದಬೇಕು.

ಸಣ್ಣ ಅಡುಗೆಮನೆಯೇ ಒಂದು ದೋಷವಲ್ಲ ಎನ್ನುವುದಕ್ಕೆ ಹಳೆಯ ಸಾಕ್ಷಿಯೂ ಇದೆ. ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ವಸತಿ ಬಡಾವಣೆಗಳಿಗಾಗಿ 1926ರಲ್ಲಿ ಮಾರ್ಗರೆಟೆ ಶ್ಯುಟೆ-ಲಿಹೊಟ್ಸ್‌ಕಿ ಎಂಬ ವಾಸ್ತುಶಿಲ್ಪಿ ರೂಪಿಸಿದ ಅಡುಗೆಮನೆಯ ಅಳತೆ 1.9×3.4 ಮೀಟರ್. ಅಂಥ ಸುಮಾರು 10,000 ಅಡುಗೆಮನೆಗಳು ಅಲ್ಲಿ ಎದ್ದವು. ಒಲೆಯಿಂದ ಸಿಂಕಿಗೆ, ಸಿಂಕಿನಿಂದ ಕಟ್ಟೆಗೆ ಹೆಣ್ಣುಮಗಳು ಎಷ್ಟು ಹೆಜ್ಜೆ ಹಾಕುತ್ತಾಳೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡು ಆಕೆ ಗ್ಯಾಸ್ ಒಲೆಯ ಜಾಗ ಗೊತ್ತುಮಾಡಿದ್ದಳು. ನಮ್ಮಲ್ಲಿ ಆ ಕ್ರಮ ತಿರುವುಮುರುವು. ಮೇಸ್ತ್ರಿ ಕಟ್ಟೆ ಕಟ್ಟುತ್ತಾನೆ, ಪ್ಲಂಬರ್ ಸಿಂಕು ಕೂರಿಸುತ್ತಾನೆ, ವಾಸ್ತು ಹೇಳುವವರು ಬಂದು ಒಲೆ ಆಗ್ನೇಯದಲ್ಲೇ ಇರಬೇಕು, ಅಡುಗೆ ಮಾಡುವವರು ಪೂರ್ವಕ್ಕೇ ಮುಖಮಾಡಿರಬೇಕು ಎಂದು ಹೇಳಿಹೋಗುತ್ತಾರೆ. ಕೊನೆಗೆ ಅಡುಗೆ ಮಾಡುವವರು ಒಂದು ಸ್ಟವ್ ಹಿಡಿದುಕೊಂಡು ಆ ಮೂಲೆಯ ಎದುರು ನಿಲ್ಲುತ್ತಾರೆ. ಆಗ್ನೇಯ ಮೂಲೆಗೆ ಕಿಟಕಿ ತಾಗಿಕೊಂಡಿದ್ದರಂತೂ ಕೇಳುವುದೇ ಬೇಡ. ಆಷಾಢದ ಗಾಳಿಗೆ ಉರಿ ಪಕ್ಕಕ್ಕೆ ವಾಲಿ, ಸಣ್ಣ ಉರಿಯಲ್ಲಿಟ್ಟ ಹಾಲು ಕಾಯುವುದಿರಲಿ, ಬರ್ನರೇ ಆರಿಹೋಗುತ್ತದೆ. ಆರಿದ ಬರ್ನರಿನಿಂದ ಗ್ಯಾಸ್ ಸೋರುವುದನ್ನು ತಾನಾಗಿ ನಿಲ್ಲಿಸುವ ಸಾಧನ, ಕಟ್ಟೆಯ ಕಲ್ಲಿನೊಳಗೆ ಇಳಿಸುವ ಕೆಲವು ಹಾಬ್‌ಗಳಲ್ಲಿದೆ. ಕಟ್ಟೆ ಮೇಲಿಡುವ ಸಾಮಾನ್ಯ ಸ್ಟವ್‌ಗಳಲ್ಲಿ ಸಾಧಾರಣವಾಗಿ ಇರುವುದಿಲ್ಲ.

ಸ್ಟವ್ ಕೊಳ್ಳುವ ಮುಂಚೆ ಅಳತೆ ತೆಗೆಯುವವರು ಕೂಡ ಉದ್ದವೊಂದನ್ನೇ ತೆಗೆಯುತ್ತಾರೆ. ತಕರಾರು ಬರುವುದು ಆಳದಲ್ಲಿ. ಹೊಸ ಗ್ರಾನೈಟ್ ಕಟ್ಟೆಗಳು ಎರಡಡಿ ಆಳವಿದ್ದರೂ ಹಳೆಯ ಮನೆಗಳ ಕಡಪ ಕಲ್ಲಿನ ಕಟ್ಟೆ ಎಷ್ಟೋ ಕಡೆ ಒಂದೂವರೆ ಅಡಿ ದಾಟುವುದಿಲ್ಲ. ಎರಡು ಬರ್ನರಿನ ಸ್ಟವ್ ಅಲ್ಲಿ ಹೇಗೋ ಕೂರುತ್ತದೆ. ಮೂರನೆಯ ಬರ್ನರನ್ನು ಹಿಂದಕ್ಕೆ ಸರಿಸಿ ತ್ರಿಕೋನವಾಗಿ ಜೋಡಿಸಿದ ಸ್ಟವ್‌ನ ಕಾಲು ಕಟ್ಟೆಯ ಅಂಚಿಗೆ ಬರುತ್ತದೆ. ಇದರ ಜೊತೆಗೆ ಗ್ಯಾಸ್ ಪೈಪು ಸಿಕ್ಕಿಸುವ ಮೂತಿ. ಅದು ಸ್ಟವ್‌ನ ಬೆನ್ನಿನಲ್ಲಿದ್ದರೆ ಸ್ಟವ್ ಗೋಡೆಗೆ ಒತ್ತಿ ಕೂರುವಂತಿಲ್ಲ. ಪೈಪು ಮುರಿದಂತೆ ಬಾಗದೆ ತಿರುಗಲು ಮೂರು ನಾಲ್ಕು ಬೆರಳಗಲವಾದರೂ ಬೇಕು. ಬೇಕಾದ ಕಡೆ ತಿರುಗುವ ಮೂತಿಯಿರುವ ಸ್ಟವ್‌ಗಳು ಈಗ ಸಿಗುತ್ತವೆ. ಸಣ್ಣ ಅಡುಗೆಮನೆಯವರಿಗೆ ಗಾಜಿನ ಮೇಲಿನ ಹೂವಿನ ಚಿತ್ರಕ್ಕಿಂತ ಈ ಮೂತಿ ಮುಖ್ಯ. ಅಂಗಡಿಯವನು ತೋರಿಸುವುದು ಮಾತ್ರ ಹೂವನ್ನೇ.

ಖರ್ಚಿಲ್ಲದ ಒಂದು ಉಪಾಯವಿದೆ. ಹಳೆಯ ಪತ್ರಿಕೆಯ ಹಾಳೆಯ ಮೇಲೆ ಮನೆಯ ಪಾತ್ರೆಗಳನ್ನಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು ದುಂಡಗೆ ಕತ್ತರಿಸಿಕೊಳ್ಳುವುದು. ದೋಸೆ ಕಾವಲಿ ಸುಮಾರು 30 ಸೆಂ.ಮೀ., ಐದು ಲೀಟರಿನ ಕುಕ್ಕರ್ 24 ಸೆಂ.ಮೀ. ಎಂದಿಟ್ಟುಕೊಂಡರೆ ಎರಡೂ ಅಕ್ಕಪಕ್ಕ ಕೂರಲು ಬರ್ನರ್‌ಗಳ ನಡುಮಧ್ಯದ ಅಂತರ 27 ಸೆಂ.ಮೀ. ಆದರೂ ಇರಬೇಕು. ಇದು ಪಾತ್ರೆಗಳು ಒಂದಕ್ಕೊಂದು ತಾಗಿಕೊಂಡಿರುವ ಲೆಕ್ಕ. ಕುಕ್ಕರಿನ ಹಿಡಿಗೆ ಜಾಗ ಬೇರೆ, ಸೌಟು ಆಡಿಸುವ ಕೈಗೆ ಬೇರೆ. 60 ಸೆಂ.ಮೀ. ಅಗಲದೊಳಗೆ ನಾಲ್ಕು ಬರ್ನರ್ ತುರುಕಿದ ಸ್ಟವ್‌ನಲ್ಲಿ ಮುಂದಿನದಕ್ಕೂ ಹಿಂದಿನದಕ್ಕೂ ಒಂದು ಗೇಣಿನಷ್ಟೇ ಅಂತರವಿರುವುದುಂಟು. ಮುಂದೆ ಕಾವಲಿ ಇಟ್ಟರೆ ಹಿಂದಿನ ಬರ್ನರ್ ಅದರ ನೆರಳಿಗೆ ಬಂತು. ಈ ಕಾಗದದ ಬಿಲ್ಲೆಗಳನ್ನು ಪರ್ಸಿನಲ್ಲಿ ಮಡಚಿಟ್ಟುಕೊಂಡು ಅಂಗಡಿಗೆ ಹೋಗಿ ಸ್ಟವ್ ಮೇಲೆ ಹಾಸಿ ನೋಡಿದರೆ ಅಂಗಡಿಯವನು ನಗಬಹುದು. ನಾಲ್ಕು ಬರ್ನರಿನ ಸ್ಟವ್ ಮೇಲೆ ಎರಡೂವರೆ ಬಿಲ್ಲೆ ಹಿಡಿದಾಗ ಆ ನಗು ತುಸು ಕಡಿಮೆಯಾಗುತ್ತದೆ.

ಯಾವ ಪಾತ್ರೆ ದೊಡ್ಡದು ಎನ್ನುವುದು ಊರಿಂದ ಊರಿಗೆ ಬೇರೆ. ವಿಜಯಪುರ, ಕಲಬುರಗಿ ಕಡೆಯ ಮನೆಗಳಲ್ಲಿ ಜೋಳದ ರೊಟ್ಟಿಯ ಹಂಚೇ ಯಜಮಾನ. ಹಂಚಿಗೆ ಅಗಲವಾದ ಉರಿ ಬೇಕು, ಅದರ ಪಕ್ಕದಲ್ಲೇ ಹಂಚಿನಷ್ಟೇ ಅಗಲದ ಖಾಲಿ ಕಟ್ಟೆ ಬೇಕು. ಬಡಿದ ರೊಟ್ಟಿಯನ್ನು ಅಂಗೈ ಮೇಲೆ ಎತ್ತಿ ಹಂಚಿಗೆ ಹಾಕುವ ದಾರಿಯಲ್ಲಿ ಇನ್ನೊಂದು ಬರ್ನರಿನ ಬಿಸಿ ಬೋಗುಣಿ ನಿಂತಿದ್ದರೆ ಕೈ ಸುಟ್ಟಂತೆಯೇ. ಅಂಥ ಮನೆಗೆ ಎರಡೇ ಬರ್ನರಿನ ಸ್ಟವ್ ತಂದು ಮಿಕ್ಕ ಕಟ್ಟೆಯನ್ನು ರೊಟ್ಟಿಗೆ ಬಿಡುವುದು ಜಾಣತನ. ದಕ್ಷಿಣ ಕನ್ನಡದವರಿಗೆ ಅಗಲಕ್ಕಿಂತ ಎತ್ತರದ ಚಿಂತೆ. ಮೂಡೆ, ಕೊಟ್ಟಿಗೆ ಬೇಯಿಸುವ ಅಟ್ಟಿನಳಗೆಯನ್ನು ಸ್ಟವ್ ಮೇಲಿಟ್ಟು ಮುಚ್ಚಳ ತೆಗೆಯಲು ಹೋದರೆ ಮೇಲಿನ ಸಜ್ಜೆಗೆ ಡಿಕ್ಕಿ. ಹಬೆ ದಿನಾ ಒಂದೇ ಕಡೆ ಬಡಿದು ಪ್ಲೈವುಡ್ ಕಪಾಟಿನ ಅಡಿ ಉಬ್ಬಿಕೊಂಡ ಮನೆಗಳೆಷ್ಟೋ ಇವೆ; ಕುಕ್ಕರಿನ ಸೀಟಿಯದೂ ಇದೇ ಉಪದ್ರವ.

ಮಂಡ್ಯ, ಹಾಸನ, ಕೋಲಾರದವರ ಪರೀಕ್ಷೆ ಇನ್ನೂ ಕಠಿಣ. ರಾಗಿ ಹಿಟ್ಟು ಬೆಂದ ಮೇಲೆ ಮುದ್ದೆ ಕೋಲಿನಿಂದ ತೊಳಸುವಾಗ ಪಾತ್ರೆಯ ಮೇಲೆ ಬೀಳುವುದು ತೋಳಿನ ಪೂರ್ತಿ ಬಲ. ಸೌದೆ ಒಲೆಯ ಮಣ್ಣು ಅದನ್ನು ತಡೆದುಕೊಳ್ಳುತ್ತಿತ್ತು. ತೆಳ್ಳನೆಯ ಕಂಬಿಯ ಪಾತ್ರೆಗಟ್ಟು, ರಬ್ಬರ್ ಕಾಲಿನ ಹಗುರ ಸ್ಟವ್ ತಡೆಯುವುದಿಲ್ಲ. ಕಟ್ಟೆಯ ಮೇಲೆ ಜಾರಿ ಗೋಡೆಗೆ ಹೋಗಿ ಕುಟ್ಟುತ್ತದೆ. ಆದ್ದರಿಂದಲೇ ಎಷ್ಟೋ ಮನೆಗಳಲ್ಲಿ ಪಾತ್ರೆಯನ್ನು ನೆಲಕ್ಕಿಳಿಸಿ ಕಾಲಲ್ಲಿ ಅದುಮಿ ಹಿಡಿದು ತೊಳಸುವುದು ಇಂದಿಗೂ ನಡೆದಿದೆ. ಅಂಗಡಿಯಲ್ಲಿ ಸ್ಟವ್‌ನ ಪಾತ್ರೆಗಟ್ಟಿನ ಮೇಲೆ ಎರಡೂ ಅಂಗೈ ಊರಿ ಒಮ್ಮೆ ಒತ್ತಿ ನೋಡುವ ಹೆಂಗಸರು ಬರ್ನರ್ ಹಿತ್ತಾಳೆಯದೋ ಅಲ್ಲವೋ ಎಂದು ಕೇಳುವ ಗಂಡಸರಿಗಿಂತ ಹೆಚ್ಚು ತಿಳಿದವರು.

ದೊಡ್ಡದರ ಮಾತಾಯಿತು, ಸಣ್ಣದರ ಗೋಳು ಬೇರೆ. ಒಗ್ಗರಣೆ ಸೌಟು, ಒಂದು ಲೋಟ ಕಾಫಿಗೆ ಹಾಲು ಬಿಸಿಮಾಡುವ ಪುಟ್ಟ ಪಾತ್ರೆ ಇವುಗಳಿಗೆ ದೊಡ್ಡ ಬರ್ನರಿನ ಪಾತ್ರೆಗಟ್ಟು ಬಾಯಿ ತೆರೆದ ಬಾವಿ. ಸೌಟು ಓರೆಯಾಗಿ ಎಣ್ಣೆ ಉರಿಗೆ ಸುರಿಯುತ್ತದೆ. ಉರಿ ಪಾತ್ರೆಯ ತಳದಿಂದಾಚೆ ಚಾಚಿಕೊಂಡರೆ ಆ ಬಿಸಿ ಪಾತ್ರೆಗೂ ಇಲ್ಲ, ಅಡುಗೆಗೂ ಇಲ್ಲ. ಮನೆಬಳಕೆಯ ಎಲ್‌ಪಿಜಿ ಸ್ಟವ್‌ಗಳಿಗೆ ಇರುವ ಭಾರತೀಯ ಮಾನಕ ಐಎಸ್ 4246 ಕೇಳುವುದು ಕನಿಷ್ಠ ಶೇ. 68ರಷ್ಟು ಉಷ್ಣ ದಕ್ಷತೆ. ಆ ಲೆಕ್ಕದಲ್ಲಿ ಒಂದು ಲೀಟರ್ ನೀರು ಕುದಿಯಲು ಸುಮಾರು 10 ಗ್ರಾಂ ಗ್ಯಾಸ್ ಸಾಕು. ಆದರೆ ಪ್ರಯೋಗಾಲಯದಲ್ಲಿ ಉರಿಗೆ ತಕ್ಕ ಪಾತ್ರೆ ಇಟ್ಟು ಅಳೆಯುತ್ತಾರೆ, ಕಾಫಿ ಲೋಟ ಇಟ್ಟಲ್ಲ. ದೊಡ್ಡದೊಂದು, ಸಣ್ಣದೊಂದು ಬರ್ನರ್ ಇರುವ ಸ್ಟವ್ ಎರಡೂ ದೊಡ್ಡವೇ ಇರುವ ಸ್ಟವ್‌ಗಿಂತ ಮೇಲು ಎನ್ನುವುದು ಇದಕ್ಕೇ.

ಪಾತ್ರೆ ನೋಡಿ ಒಲೆ ಮಾಡುವುದು ನಮ್ಮವರಿಗೆ ಹೊಸತೇನಲ್ಲ. ಹಳೆಯ ಮಣ್ಣಿನ ಒಲೆಗೆ ಅಂಟಿಕೊಂಡಿರುತ್ತಿದ್ದ ಕೋಡೊಲೆಯ ಮೇಲೆ ಸಾರು ತನ್ನ ಪಾಡಿಗೆ ತಾನು ಬಿಸಿಯಾಗಿರುತ್ತಿತ್ತು. ಅದಕ್ಕೆ ಬೇರೆ ಸೌದೆ ಇಡಬೇಕಿರಲಿಲ್ಲ, ಮುಖ್ಯ ಒಲೆಯಲ್ಲಿ ಮಿಕ್ಕ ಉರಿಯೇ ಸಾಕಾಗುತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಹುಟ್ಟಿದ ಅಸ್ತ್ರ ಕೇಂದ್ರ, ಮುಂದೆ ರೂಪಿಸಿದ ಅಸ್ತ್ರ ಒಲೆಯಲ್ಲಿ ಇದೇ ಜಾಣ್ಮೆಯನ್ನು ಲೆಕ್ಕಾಚಾರಕ್ಕೆ ಒಳಪಡಿಸಿತು. ಮೂರು ಪಾತ್ರೆಗಳ ಒಲೆ, ಪಾತ್ರೆಗಳು ಕಿಂಡಿಯಲ್ಲಿ ಭದ್ರವಾಗಿ ಕೂತು ಉರಿ ಹೊರಗೆ ಪೋಲಾಗದೆ ಒಂದರ ತಳದಿಂದ ಇನ್ನೊಂದರ ತಳಕ್ಕೆ ಹಾದು ಹೊಗೆಕೊಳವೆ ಸೇರುತ್ತದೆ. ಮಣ್ಣಿನ ಒಲೆಗಾದರೆ ಕಟ್ಟುವಾಗಲೇ ಪಾತ್ರೆ ತಂದಿಟ್ಟು ನೋಡುತ್ತಿದ್ದೆವು. ಗ್ಯಾಸ್ ಸ್ಟವ್ ಕಾರ್ಖಾನೆಯಿಂದ ಕಟ್ಟಿಕೊಂಡೇ ಬರುತ್ತದಾದ್ದರಿಂದ ಆ ಅಭ್ಯಾಸ ತಪ್ಪಿತು.

ಹಾಗಾದರೆ ನಾಲ್ಕನೆಯ ಬರ್ನರ್ ಯಾರಿಗೆ ಬೇಕು? ದಿನವೂ ಏಳೆಂಟು ಮಂದಿಗೆ ಬೇಯಿಸುವ, ಕಟ್ಟೆಯೂ ಉದ್ದವಿರುವ ಮನೆಗೆ ಖಂಡಿತ ಬೇಕು. ಮೂರು ಜನರ ಮನೆಯಲ್ಲಿ ಅದು ಕಾಫಿ ಫಿಲ್ಟರ್ ಇಡುವ ಜಾಗವಾಗುತ್ತದೆ, ಇಲ್ಲವೇ ನಿನ್ನೆಯ ಸಾಂಬಾರಿನ ಪಾತ್ರೆಯ ಬಿಡಾರ. ತಿಂಗಳುಗಟ್ಟಲೆ ಹಚ್ಚದ ಬರ್ನರಿನ ತೂತುಗಳಿಗೆ ಜಿಡ್ಡು, ಧೂಳು ಕಟ್ಟಿ, ಕೊನೆಗೊಂದು ದಿನ ಹಬ್ಬಕ್ಕೆಂದು ಹಚ್ಚಿದರೆ ನೀಲಿ ಉರಿಯ ಬದಲು ಹಳದಿ ನಾಲಿಗೆ ಚಾಚಿ ಪಾತ್ರೆಗೆ ಮಸಿ ಬಳಿಯುತ್ತದೆ. ಮೂರು ಬರ್ನರ್ ಒಂದು ನ್ಯಾಯವಾದ ರಾಜಿ. ಒಂದರ ಮೇಲೆ ಕುಕ್ಕರ್, ಒಂದರ ಮೇಲೆ ಪಲ್ಯ, ನಡುವಿನ ಸಣ್ಣದರ ಮೇಲೆ ಒಗ್ಗರಣೆ. ಕಟ್ಟೆಯ ಉದ್ದ ನಾಲ್ಕಡಿಗಿಂತ ಕಡಿಮೆಯಿದ್ದರೆ ಈ ರಾಜಿಯೂ ದುಬಾರಿಯೇ.

ಗಾಜಿನ ಮೇಲ್ಮೈಯ ಸ್ಟವ್ ಬಗ್ಗೆ ಸಣ್ಣ ಅಡುಗೆಮನೆಯವರು ಎರಡು ಸಲ ಯೋಚಿಸುವುದು ಒಳ್ಳೆಯದು. ಒರೆಸಲು ಸುಲಭ, ನೋಡಲು ಅಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಳಿಸಿದ ಬಿಸಿ ಪಾತ್ರೆಯನ್ನು ಇಡಲು ಕಟ್ಟೆಯಲ್ಲಿ ಜಾಗವಿಲ್ಲದ ಮನೆಯಲ್ಲಿ ಇಕ್ಕಳದಲ್ಲಿ ಹಿಡಿದ ಬೋಗುಣಿ ಸೀದಾ ಬಂದು ಕೂರುವುದು ಆ ಗಾಜಿನ ಮೇಲೆಯೇ. ಬರ್ನರಿಗಿಂತ ತೀರಾ ಅಗಲವಾದ ಪಾತ್ರೆಯಿಟ್ಟು ಗಂಟೆಗಟ್ಟಲೆ ಉರಿಸಿದರೆ ಬಿಸಿ ಅದರಡಿಯಲ್ಲೇ ಸಿಕ್ಕಿಕೊಂಡು ಗಾಜಿನ ಒಂದು ಭಾಗ ಕಾಯುತ್ತದೆ, ಇನ್ನೊಂದು ತಣ್ಣಗಿರುತ್ತದೆ. ಹದಗೊಳಿಸಿದ ಗಾಜು ಒಡೆದರೆ ಬಿರುಕು ಬಿಟ್ಟು ಸುಮ್ಮನಿರುವುದಿಲ್ಲ, ಸದ್ದಿನೊಂದಿಗೆ ಚೂರುಚೂರಾಗುತ್ತದೆ. ಅಪರೂಪಕ್ಕೆ, ಗಾಜು ತಯಾರಾಗುವಾಗ ಒಳಗೆ ಉಳಿದ ನಿಕೆಲ್ ಸಲ್ಫೈಡಿನ ಸೂಕ್ಷ್ಮ ಕಣವೊಂದು ವರ್ಷಗಳ ನಂತರ ಹಿಗ್ಗಿ, ಯಾರೂ ಮುಟ್ಟದೆಯೂ ಅದು ಸಿಡಿಯುವುದುಂಟು. ಸ್ಟೀಲಿನ ಸ್ಟವ್‌ಗೆ ಈ ಭಯವಿಲ್ಲ. ಗೀರು ಬೀಳುತ್ತದೆ, ಹೊಳಪು ಹೋಗುತ್ತದೆ, ಉಕ್ಕಿದ ಹಾಲು ಬರ್ನರ್ ಸುತ್ತ ಸುಟ್ಟು ಕಪ್ಪಗೆ ಹಿಡಿಯುತ್ತದೆ. ತಿಕ್ಕುವ ತಾಳ್ಮೆಯಿದ್ದವರಿಗೆ ಅದೇ ವಾಸಿ.

ಹಾಬ್ ಎಂದರೆ ಕಟ್ಟೆಯ ಕಲ್ಲನ್ನು ಕೊರೆದು ಒಳಗಿಳಿಸುವ ಒಲೆ. ಹೊಸದಾಗಿ ಮನೆ ಕಟ್ಟುವವರಿಗೆ ಒಪ್ಪುತ್ತದೆ. ಇದ್ದ ಅಡುಗೆಮನೆಗೆ ತರಹೊರಟವರು ಮೊದಲು ಕಟ್ಟೆಯ ಕೆಳಗೆ ಬಗ್ಗಿ ನೋಡಬೇಕು: ಕೊರೆಯುವ ಜಾಗಕ್ಕೆ ನೇರವಾಗಿ ಕೆಳಗೆ ಆಸರೆಯ ಗೋಡೆಯಿದೆಯೋ, ಡ್ರಾಯರ್ ಇದೆಯೋ ಎಂದು. ಹೊರಗಿನ ಅಗಲ ಒಂದೇ ಆದರೂ ಕಲ್ಲಿನಲ್ಲಿ ಕೊರೆಯಬೇಕಾದ ಕಿಂಡಿಯ ಅಳತೆ ಕಂಪನಿಯಿಂದ ಕಂಪನಿಗೆ ಬೇರೆ. ಇಂದು ಕೊರೆದ ಕಿಂಡಿಗೆ ಹತ್ತು ವರ್ಷದ ಮೇಲೆ ಬರುವ ಹಾಬ್ ಹೊಂದುತ್ತದೆಂಬ ಖಾತರಿಯಿಲ್ಲ. ಎರಡಡಿ ಆಳದ ಕಲ್ಲಿನಲ್ಲಿ ಕಿಂಡಿಯ ಹಿಂದೆ ಮುಂದೆ ಉಳಿಯುವ ಪಟ್ಟಿ ಕೆಲವೇ ಬೆರಳಗಲ. ಕೊರೆಯುವಾಗಲೇ ಸೀಳಿದರೆ ಕಟ್ಟೆಯೇ ಹೊಸದಾಗಬೇಕು. ಬಾಡಿಗೆ ಮನೆಯವರಿಗಂತೂ ಈ ಮಾತೇ ಬೇಡ. ಗೋಡೆಗೆ ಮೊಳೆ ಹೊಡೆದರೆ ಮುಖ ಸಿಂಡರಿಸುವ ಮಾಲೀಕರು ಗ್ರಾನೈಟಿಗೆ ಕಟರ್ ಹಾಕಲು ಬಿಟ್ಟಾರೆಯೇ? ಎತ್ತಿ ಪಕ್ಕಕ್ಕಿಟ್ಟು ಕೆಳಗೆ ಒರೆಸಬಹುದಾದ ಸ್ಟವ್‌ಗೆ ಇನ್ನೊಂದು ಅನುಕೂಲವಿದೆ: ದೀಪಾವಳಿಯ ಹಿಂದಿನ ದಿನ ಚಕ್ಕುಲಿ ಕರಿಯುವಾಗ ಅದನ್ನು ಕಟ್ಟೆಯ ಇನ್ನೊಂದು ತುದಿಗೆ ಸರಿಸಿಕೊಳ್ಳಬಹುದು.

ಈ ಸರಿಸುವ ಭಾಗ್ಯ ಅಮೆರಿಕದ ಕನ್ನಡಿಗರಿಗಿಲ್ಲ. ಅಲ್ಲಿ ಗ್ಯಾಸ್ ರೇಂಜ್ ಎಂದರೆ ಮೇಲೆ ಬರ್ನರ್, ಕೆಳಗೆ ಓವನ್ ಸೇರಿ ನೆಲದ ಮೇಲೇ ನಿಲ್ಲುವ ಗೂಡು. ಎರಡು ಕಪಾಟುಗಳ ನಡುವಿನ ಸಂದಿಯಲ್ಲಿ ಅದು ಇಂಚಿನ ಲೆಕ್ಕದಲ್ಲಿ ಹೊಂದಬೇಕು. ವಾಡಿಕೆಯ ಅಗಲ 30 ಇಂಚು. ಇಕ್ಕಟ್ಟಿನ ಅಪಾರ್ಟ್‌ಮೆಂಟುಗಳಿಗೆಂದು 24 ಮತ್ತು 20 ಇಂಚಿನವು ಸಿಗುತ್ತವೆ. 20 ಇಂಚಿನೊಳಗೆ ನಾಲ್ಕು ಬರ್ನರ್ ಇರುವುದರಿಂದ ದೋಸೆ ಕಾವಲಿ ಇಟ್ಟರೆ ಪಕ್ಕದಲ್ಲಿ ಚಟ್ನಿಯ ಒಗ್ಗರಣೆಗೂ ಜಾಗ ಸಾಲದು. ತೆರೆದ ಓವನ್ ಬಾಗಿಲಿನ ಮೇಲೆ ಮಗು ಹತ್ತಿದರೆ ಇಡೀ ರೇಂಜ್ ಮುಂದಕ್ಕೆ ಮಗುಚಬಹುದು. ಅದಕ್ಕಾಗಿ ಹಿಂದಿನ ಕಾಲನ್ನು ನೆಲಕ್ಕೋ ಗೋಡೆಗೋ ಬಿಗಿಯುವ ಕಬ್ಬಿಣದ ಹಿಡಿಯೊಂದು ಜೊತೆಗೇ ಬರುತ್ತದೆ. ಇಕ್ಕಟ್ಟಿನಲ್ಲಿ ಅದನ್ನು ಕೂರಿಸುವ ತಾಪತ್ರಯಕ್ಕೆ ಹಾಗೇ ಬಿಡುವವರಿದ್ದಾರೆ. ರೇಂಜ್ ಮೇಲೆ ಮೈಕ್ರೋವೇವ್ ತೂಗುಹಾಕಿದ ಮನೆಯಲ್ಲಿ ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವುದು ಕಸರತ್ತು. ಸಾಸಿವೆ, ಒಣಮೆಣಸಿನಕಾಯಿ ಸಿಡಿದರೆ ಹೊಗೆಯ ಅಲಾರಂ ಕೂಗುತ್ತದೆ. ಓವನ್ ಮಾತ್ರ ಉಪಯೋಗಕ್ಕೆ ಬಾರದೆ ಹೋಗುವುದಿಲ್ಲ. ಎಷ್ಟೋ ಕನ್ನಡ ಮನೆಗಳಲ್ಲಿ ಬಾಣಲೆ, ಕಾವಲಿಗಳು ವಾಸಿಸುವುದು ಅದರೊಳಗೆ.

ಅಲ್ಲಿ ಓವನ್ ಇರುವ ಜಾಗದಲ್ಲಿ ನಮ್ಮಲ್ಲಿ ಸಿಲಿಂಡರ್. 14.2 ಕಿಲೋ ಗ್ಯಾಸಿನ ಸಿಲಿಂಡರ್ ಎರಡಡಿ ಎತ್ತರದ್ದು, ತುಂಬಿದಾಗ ಒಟ್ಟು ತೂಕ 30 ಕಿಲೋ ಆಸುಪಾಸು. ಸ್ಟವ್ ಯಾವತ್ತೂ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು, ಸಿಲಿಂಡರ್ ನೆಟ್ಟಗೆ ನಿಂತಿರಬೇಕು ಎಂಬುದು ತೈಲ ಕಂಪನಿಗಳ ಸುರಕ್ಷತಾ ಸೂಚನೆ. ನೆಲದ ಮೇಲೆ ಕೂತು ಅಡುಗೆ ಮಾಡುತ್ತಿದ್ದವರನ್ನು ಎಬ್ಬಿಸಿ ನಿಲ್ಲಿಸಿದ್ದರಲ್ಲಿ ಈ ಸೂಚನೆಯದೂ ಪಾಲಿದೆ. ಕಟ್ಟೆಯ ಎತ್ತರ 32 ಇಂಚು, ಸ್ಟವ್ ನಾಲ್ಕೈದು ಇಂಚು, ಮೇಲೊಂದು ಎತ್ತರದ ಪಾತ್ರೆ ಬಂದರೆ ಐದಡಿಯ ಹೆಂಗಸಿಗೆ ಒಳಗೆ ಬೇಯುತ್ತಿರುವುದು ಕಾಣಲು ಕಾಲ್ಬೆರಳ ಮೇಲೆ ನಿಲ್ಲಬೇಕು. ಎತ್ತರದ ಕಟ್ಟೆಯಿರುವ ಮನೆಗೆ ಗಿಡ್ಡ ಕಾಲಿನ, ತೆಳುವಾದ ಸ್ಟವ್ ಹುಡುಕುವುದು ಆದ್ದರಿಂದ ಶೋಕಿಯಲ್ಲ.

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೇರಿ ಕಿಟಕಿಯಿಂದ ಹೋಗದೆ ಕೆಳಗೆ ಹರಡಿ ನಿಲ್ಲುತ್ತದೆ. ಸಣ್ಣ ಅಡುಗೆಮನೆಯಲ್ಲಿ ಅಂದಕ್ಕೆಂದು ಕಟ್ಟೆಯಡಿಗೆ ಬಾಗಿಲು ಹಾಕಿಸಿ ಸಿಲಿಂಡರ್ ಮುಚ್ಚಿಡುವವರು ಆ ಬಾಗಿಲಿನ ಬುಡದಲ್ಲಿ ಗಾಳಿಕಿಂಡಿ ಬಿಡಿಸಲೇಬೇಕು. ಒಳಗೆ ತಂತಿ ಹೆಣೆದ ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಅದರ ಉದ್ದ ಒಂದೂವರೆ ಮೀಟರಿನಷ್ಟೇ ಆದ್ದರಿಂದ ಸಿಲಿಂಡರ್ ಎಲ್ಲಿದೆಯೋ ಸ್ಟವ್ ಅದರ ಆಸುಪಾಸಿನಲ್ಲೇ. ಸ್ಟವ್‌ನ ಜಾಗ ಗೊತ್ತುಮಾಡುವುದರಲ್ಲಿ ವಾಸ್ತುವಿಗಿಂತ ಈ ಪೈಪಿನ ಮಾತು ಹೆಚ್ಚು ನಡೆಯುತ್ತದೆ.

ಬೆಂಗಳೂರಿನ ಎಷ್ಟೋ ಬಡಾವಣೆಗಳಿಗೆ ಈಗ ಗೇಲ್ ಗ್ಯಾಸ್‌ನ ಕೊಳವೆ ಬಂದಿದೆ. ಸಿಲಿಂಡರ್ ಹೊರಟುಹೋದರೆ ಕಟ್ಟೆಯಡಿಯಲ್ಲಿ ಅಕ್ಕಿ ಡ್ರಮ್ಮಿಗೆ ಜಾಗವಾಯಿತು. ಆದರೆ ಎಲ್‌ಪಿಜಿಗೆಂದು ಮಾಡಿದ ಸ್ಟವ್ ಅದಕ್ಕೆ ಹಾಗೆಯೇ ಒಗ್ಗುವುದಿಲ್ಲ. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲದಲ್ಲಿ, ಅಷ್ಟೇ ಗಾತ್ರದ ಎಲ್‌ಪಿಜಿಗೆ ಹೋಲಿಸಿದರೆ ಉಷ್ಣ ಅರ್ಧಕ್ಕಿಂತ ಕಡಿಮೆ. ಅದಕ್ಕೆ ದೊಡ್ಡ ತೂತಿನ ಜೆಟ್ ಬೇಕು. ಸಂಪರ್ಕ ಕೊಡಲು ಬರುವ ತಂತ್ರಜ್ಞರೇ ಸಾಮಾನ್ಯವಾಗಿ ಹಳೆಯ ಸ್ಟವ್‌ನ ಜೆಟ್ ಬದಲಿಸುತ್ತಾರೆ. ಮುಂದಿನ ವರ್ಷ ಬೀದಿಗೆ ಕೊಳವೆ ಬರುತ್ತದೆಂಬ ಸುದ್ದಿಯಿದ್ದರೆ, ಈಗ ಕೊಳ್ಳುವ ಸ್ಟವ್‌ಗೆ ಆ ಜೆಟ್ ಸಿಗುತ್ತದೆಯೇ ಎಂದು ಅಂಗಡಿಯಲ್ಲೇ ಕೇಳಿ ರಸೀದಿಯ ಮೇಲೆ ಬರೆಸಿಕೊಳ್ಳುವುದು ವಾಸಿ. ಬಾಯಿಮಾತಿನಲ್ಲಿ ಎಲ್ಲ ಸ್ಟವ್‌ಗೂ ಎಲ್ಲ ಜೆಟ್ಟೂ ಸಿಗುತ್ತದೆ.